ಗೋಡೆ ದಾಟಿದ ಬದನೆ ಬಳ್ಳಿ

ಆ ಬಳ್ಳಿಗೆ ಹಿಡಿದುಕೊಳ್ಳಲು ಕೈಯಿಲ್ಲ. ಹೀರೆ, ಹಾಗಲ, ಕುಂಬಳಕ್ಕೆಲ್ಲ ಸ್ಪ್ರಿಂಗಿನಂತೆ ಸುತ್ತಿಕೊಳ್ಳುವ ಎಳೆಗಳಿರುತ್ತವಲ್ಲ, ಅವು ಇದಕ್ಕಿಲ್ಲ. ಪಾಪ, ತನ್ನ ಎಲೆಯ ತೊಟ್ಟನ್ನೇ ತಿರುಚಿ ಸಿಕ್ಕಿದ ಕಡ್ಡಿಗೋ ಹಗ್ಗಕ್ಕೋ ಜೋತುಬೀಳುತ್ತದೆ. ಜೋರು ಗಾಳಿ ಬಂದರೆ ಜಾರುತ್ತದೆ. ಯಾರಾದರೂ ಕಟ್ಟಿ ನಿಲ್ಲಿಸಬೇಕು. ಕಟ್ಟಿ ನಿಲ್ಲಿಸಿದವರಿಗೆ ನಮ್ಮ ಊರು ಏನು ಮಾಡಿತು ಎಂಬುದನ್ನು ನೆನೆದರೆ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ.

ನನ್ನ ತವರು ಬೀದರದ ಚಿದ್ರಿ. ಪಕ್ಕದಲ್ಲಿ ಕ್ರಿಶ್ಚಿಯನ್ ಮನೆತನದ ಒಬ್ಬ ನರ್ಸಮ್ಮ ಇದ್ದರು. ಅವರ ಬಾಗಿಲ ಮೇಲೆ ನೀಲಿ ಹೂವಿನ ಈ ಬಳ್ಳಿ ಚಪ್ಪರವಾಗಿತ್ತು. ನನಗೆ ಚಿಕ್ಕಂದಿನಿಂದ ಅದರ ಹುಚ್ಚು. ಮದುವೆಯಾಗಿ ಭಾಲ್ಕಿಗೆ ಹೊರಟಾಗ ಅವರು ಬಲಿತ ಒಂದು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

"ಇದು ನೋಡ್ಲಿಕ್ಕಿ ಅಷ್ಟೇ ಅದ ನೋಡವ್ವ, ಬಾಯಿಗಿ ಅಲ್ಲ. ಹಣ್ಣು ಕೆಂಪಗ ಚಂದ ಇರ್ತಾವ, ಖರೆ ವಿಷ ಅದ. ಮನ್ಯಾಗ ಎಲ್ಲರಿಗಿ ಹೇಳು" ಅಂದರು.

ಹೇಳಿದೆ. ಅತ್ತೆಯ ಮನೆ ಹೊಕ್ಕ ದಿನವೇ ಹೇಳಿದೆ. ಅತ್ತೆ ಕಡ್ಡಿಯನ್ನೂ ನನ್ನನ್ನೂ ನೋಡಿ, "ಮಂದಿ ಸೊಸ್ದೇರು ತಾಂಬ್ರದ ಕೊಡ ತರ್ತಾರ, ನಮ್ಮಾಕಿ ಕಡ್ಡಿ ತಂದಾಳ" ಅಂದು ನಕ್ಕಳು. ಅತ್ತೆಗೂ ಮಾವನಿಗೂ ಮರ್ಯಾದೆಯ ಬಹುವಚನವನ್ನು ನಾನು ಅವರು ಸಾಯುವತನಕ ಕೊಟ್ಟಿದ್ದೇನೆ. ಇಲ್ಲಿ ಕೊಡುವುದಿಲ್ಲ.

ಹಿತ್ತಲಿನ ಗೋಡೆಯ ಬುಡದಲ್ಲಿ ಕಡ್ಡಿ ನೆಟ್ಟೆ. ಭಾಲ್ಕಿಯ ಮಣ್ಣಿಗೆ ಅದು ಚೆನ್ನಾಗಿ ಹತ್ತಿತು. ಎಲೆ ಒಂದೇ ಇರುವುದಿಲ್ಲ. ಒಂದು ದಂಟಿಗೆ ಎದುರುಬದುರಾಗಿ ಚಿಕ್ಕ ಎಲೆಗಳು, ತುದಿಯಲ್ಲೊಂದು. ಮಳೆಗಾಲ ಹಿಡಿದರೆ ಗೊಂಚಲು ಗೊಂಚಲು ಹೂ ಕೆಳಮುಖವಾಗಿ ಜೋಲುತ್ತವೆ. ಐದು ದಳ, ತಿಳಿ ನೇರಳೆ ಬಣ್ಣ, ನಡುವೆ ಐದು ಹಳದಿ ಕೇಸರಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ. ದುಂಬಿ ಬಂದು ಆ ಹಳದಿಯನ್ನು ತಬ್ಬಿ ಗುಂಯ್ ಎಂದು ನಡುಗಿಸಿದರೇ ಅದರ ತುದಿಯ ತೂತಿನಿಂದ ಪರಾಗ ಉದುರುವುದು. ಆಮೇಲೆ ಬಟಾಣಿಯಷ್ಟು ಹಸಿರು ಕಾಯಿ, ದಿನ ಕಳೆದಂತೆ ಮಿರಮಿರ ಮಿಂಚುವ ಕೆಂಪು ಹಣ್ಣು. ಒಡೆದರೆ ಟೊಮೇಟೊದಂಥ ಚಪ್ಪಟೆ ಬೀಜ. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಹಾಡುತ್ತ ಹೋಗುತ್ತಿದ್ದವು, ಅವುಗಳಿಗೆ ಏನೂ ಆಗುತ್ತಿರಲಿಲ್ಲ.

ಅತ್ತೆ ಹೂವನ್ನು ಹಿಡಿದು ನೋಡಿ ತೀರ್ಪು ಕೊಟ್ಟಳು. "ಬದ್ನಿ ಹೂವಿನಂಗೇ ಅದ. ಗಣಿಕಿ ಹೂವೂ ಹಿಂಗೇ ಇರ್ತದ. ತಿನ್ನೋ ಜಾತಿನೇ ಇದು. ಹಕ್ಕಿ ತಿಂತಾವ, ಮನುಷ್ಯಾರಿಗೇನು ಧಾಡಿ?"

ಕುಲವನ್ನು ಅವಳು ಸರಿಯಾಗಿಯೇ ಹಿಡಿದಿದ್ದಳು. ಇದು ಬದನೆ, ಟೊಮೇಟೊ, ಗಣಿಕೆಗಳ ಬಳಗದ್ದೇ. ಆದರೆ ಕುಲ ನೋಡಿ ಗುಣ ಹೇಳುವ ಚಟ ನಮ್ಮವರಿಗೆ ಗಿಡದ ವಿಷಯದಲ್ಲೂ ಬಿಡದು. "ವಿಷ ಅದ ಅಂತ್ರಿ" ಎಂದು ನಾನು ಮತ್ತೊಮ್ಮೆ ಹೇಳಿದರೆ, ಬೀದರದವರಿಗೆ ಎಲ್ಲ ಗೊತ್ತು ಎಂಬಂತೆ ಮೂಗು ಮುರಿದಳು.

ಗೋಡೆಯ ಆಚೆ ಖಾಲಾ ಇದ್ದರು. ಖಾಲಾ ಅಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ, ಓಣಿಯೆಲ್ಲ ಹಾಗೇ ಕರೆಯುತ್ತಿತ್ತು. ಗಂಡ ಸತ್ತ ಮೇಲೆ ಹೊಲಿಗೆ ಮಾಡಿ ಬದುಕುತ್ತಿದ್ದ ಹೆಂಗಸು. ನಮ್ಮ ಬಸವ ಭಕ್ತರ ಓಣಿಯಲ್ಲಿ ಅವರದೊಂದೇ ಮುಸಲ್ಮಾನರ ಮನೆ. ನಮ್ಮ ಮನೆಯ ಕುಪ್ಪಸ, ಕುಲಾಯಿ ಎಲ್ಲ ಅವರ ಕೈಯವೇ. ನಮ್ಮ ನುಗ್ಗೆಮರದ ಕೊಂಬೆ ಅವರ ಅಂಗಳಕ್ಕೆ ಬಾಗಿತ್ತು. ಅವರು ಒಮ್ಮೆ ಸಾರಿಗೆಂದು ನಾಲ್ಕು ಕಾಯಿ ಕಿತ್ತಾಗ ಮಾವ ಗೋಡೆಯ ಮೇಲಿಂದ ಕೂಗಿದ್ದು ನನಗೆ ನೆನಪಿದೆ. "ಬೇರು ಯಾರದೋ ಕಾಯಿ ಅವರದು. ಹಿರೇರ ಕಾಲದಿಂದ ಇದೇ ನ್ಯಾಯ ಅದ." ಓಣಿಯಲ್ಲಿ ಯಾರ ಮರದ ಜಗಳವಾದರೂ ಹಿರಿಯರು ಇದೇ ಮಾತಿನಿಂದ ತೀರಿಸುತ್ತಿದ್ದರು. ಖಾಲಾ ಕಾಯಿಗಳನ್ನು ವಾಪಸು ಕೊಟ್ಟು, ನನ್ನ ಕಡೆ ನೋಡಿ ನಕ್ಕಿದ್ದರು. ಮಾವ ತೊಗರಿ, ಕಡಲೆ ವ್ಯಾಪಾರದವ. ಬೆಳಗ್ಗೆ ಲಿಂಗಪೂಜೆ, ಬಾಯಿತುಂಬ ವಚನ. ಅಂಗಡಿಗೆ ಹೋದ ಮೇಲೆ ಬೇರೆಯೇ ಬಾಯಿ.

ನಿಜಾಮನ ಕೊನೆಯ ದಿನಗಳು ಬಂದವು. ರಜಾಕಾರರ ಹಾವಳಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಸುಟ್ಟ ಊರುಗಳ ಸುದ್ದಿ ಬರುತ್ತಿತ್ತು. ನಮ್ಮವರು ಕಂಡದ್ದು ಸುಳ್ಳಲ್ಲ, ಆ ಭಯವೂ ಸುಳ್ಳಲ್ಲ. ಒಂದು ದಿನ ಮಾವ ಗಂಟುಮೂಟೆ ಕಟ್ಟಿಸಿ ಎಲ್ಲರನ್ನೂ ಸೊಲ್ಲಾಪುರದ ಕಡೆ ಹೊರಡಿಸಿದ. ಮನೆ, ಎಮ್ಮೆ, ಕಾಳಿನ ಚೀಲ ಎಲ್ಲ ಖಾಲಾನ ಮೇಲೆ ಬಿಟ್ಟೆವು. ನಾನು ಬಳ್ಳಿಯ ಕಡೆ ನೋಡಿದ್ದನ್ನು ಅವರು ಕಂಡರು.

"ನಿನ್ನ ಬಳ್ಳಿಗಿ ನೀರು ನಾ ಹಾಕ್ತೇನಿ ಬೇಟಿ. ನೀ ಜಾನ್ ಉಳಿಸ್ಕೊ, ಹೋಗು."

ರಜಾಕಾರರು ನಮ್ಮ ಬಾಗಿಲಿಗೆ ಬಂದಾಗ ಖಾಲಾ ಹೊಸ್ತಿಲ ಮೇಲೆ ಕೂತು, ಈ ಮನೆಯೂ ನನ್ನದೇ ಅಂದರಂತೆ. ಒಂದು ಕಾಳೂ ಹೋಗಲಿಲ್ಲ. ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮನ ಆಳ್ವಿಕೆ ಮುಗಿದು ನಾವು ತಿರುಗಿ ಬಂದಾಗ ಎಮ್ಮೆ ಗರ್ಭ ಕಟ್ಟಿತ್ತು, ಅಂಗಳ ಸಾರಿಸಿತ್ತು. ಬಳ್ಳಿ ಗೋಡೆ ಹತ್ತಿ ಆಚೆಗೆ ಇಳಿದಿತ್ತು. ಅದು ಜಾರದಂತೆ ಖಾಲಾ ತಮ್ಮ ಹೊಲಿಗೆಯ ಚಿಂದಿಗಳಿಂದ, ಹಸಿರು, ಕೆಂಪು, ಹೂವಿನ ಚೀಟಿನ ಬಟ್ಟೆಯ ತುಂಡುಗಳಿಂದ, ಗೂಟಕ್ಕೆ ಅಲ್ಲಲ್ಲಿ ಕಟ್ಟಿದ್ದರು. ಅಷ್ಟು ಹೂ ನಾನು ಯಾವತ್ತೂ ಕಂಡಿರಲಿಲ್ಲ. ಅತ್ತೆ ಆ ದಿನ ಅವರ ಕೈ ಹಿಡಿದು ಅತ್ತಳು. ನಾನೇ ನೋಡಿದ್ದೇನೆ.

ಆದರೆ ಗಾಳಿ ತಿರುಗಿತ್ತು. ಈಗ ಸುತ್ತಲ ಹಳ್ಳಿಗಳಲ್ಲಿ ಏನೂ ಮಾಡದ ಮುಸಲ್ಮಾನರ ಮನೆಗಳಿಗೆ ನುಗ್ಗುತ್ತಿದ್ದರು. ಯಾರೋ ಮಾಡಿದ ಪಾಪಕ್ಕೆ ಯಾರನ್ನೋ ಕೊಲ್ಲುತ್ತಿದ್ದರು. ನಿನ್ನೆ ತನಕ ಹೆದರಿ ಮೂಲೆ ಸೇರಿದ್ದ ಗಂಡಸರು ಕೈಯಲ್ಲಿ ಕೊಡಲಿ ಹಿಡಿದು ಮೀಸೆ ತಿರುವುತ್ತ ಓಡಾಡತೊಡಗಿದರು. ಖಾಲಾ ಹೊರಗೆ ಬರುವುದು ಕಡಿಮೆಯಾಯಿತು.

ಆಗಲೇ ಔರಾದದಿಂದ ನಾದಿನಿ ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಮಗುವಿನ ಬಾಯಿ ಹುಣ್ಣಾಗಿತ್ತು. ಬಾಯಿಹುಣ್ಣಿಗೆ ನಮ್ಮ ಕಡೆ ಗಣಿಕೆ ಸೊಪ್ಪನ್ನೂ ಹಣ್ಣನ್ನೂ ಕೊಡುವ ರೂಢಿ. ಆ ಹೊತ್ತಿಗೆ ಗಣಿಕೆ ಸಿಗಲಿಲ್ಲ. ನಾನು ಬಾವಿಗೆ ಹೋಗಿದ್ದೆ. ನಾದಿನಿ ಒಳಗೆ ಮಲಗಿದ್ದಳು. ಅತ್ತೆ ಗೋಡೆಯ ಮೇಲಿನ ಬಳ್ಳಿಯಿಂದ ಒಂದು ಹಿಡಿ ಕೆಂಪು ಹಣ್ಣು ಕಿತ್ತು, ಬೆಲ್ಲ ಹಾಕಿ ಅರೆದು ಮೊಮ್ಮಗಳಿಗೆ ನೆಕ್ಕಿಸಿದಳು. ಬದನೆಯ ಬಳಗವಲ್ಲವೇ, ಗಣಿಕೆಯ ತಂಗಿಯಲ್ಲವೇ!

ನಾನು ಕೊಡ ಇಳಿಸುವಾಗ ಮಗು ಹೊಟ್ಟೆ ಹಿಡಿದು ನೆಲಕ್ಕೆ ಬಿದ್ದಿತ್ತು. ಕಣ್ಣಿನ ಪಾಪೆ ದೊಡ್ಡದಾಗಿ, ಕೈಕಾಲು ತಣ್ಣಗಾಗಿತ್ತು. ಕಲ್ಲಿನ ಮೇಲೆ ಕೆಂಪು ತಿರುಳು ಇನ್ನೂ ಹಸಿಯಾಗಿತ್ತು. "ಇದನ್ನ ಕೊಟ್ರೇನ್ರಿ?" ಅಂದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಸರಕಾರಿ ದವಾಖಾನೆಗೆ ಓಡಿದೆ. ಮಗು ಬದುಕಿತು. ಅಷ್ಟಕ್ಕೆ ದೇವರು ದೊಡ್ಡವನು.

ಅತ್ತೆ ಮಾಡಿದ್ದು ತಪ್ಪು, ಪಾಪವಲ್ಲ. ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಮಾಡಿದಳು. ಅದನ್ನು ಅಂದೇ ಒಪ್ಪಿಕೊಂಡಿದ್ದರೆ ನಾನು ಅವಳ ಕಾಲು ಒತ್ತಿಕೊಂಡು ಇರುತ್ತಿದ್ದೆ. ಆದರೆ ಸುದ್ದಿ ಮುಟ್ಟಿ ಔರಾದದ ಬೀಗರು ಗಾಡಿ ಕಟ್ಟಿಕೊಂಡು ಬಂದರು. ಅಳಿಯ ಅಂಗಳದಲ್ಲಿ ನಿಂತು, "ನನ್ನ ಮಗಳಿಗಿ ವಿಷ ಹಾಕಿದವರ್ಯಾರು? ಹೇಳ್ರಿ, ಇಲ್ಲಂದ್ರ ನಿಮ್ಮ ಮಗಳನ್ನ ಇಲ್ಲೇ ಬಿಟ್ಟು ಹೋಗ್ತೇನಿ" ಅಂದ. ಮಾವ ಅತ್ತೆಯ ಮುಖ ನೋಡಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ಕೈ ತೋರಿಸಿದಳು.

"ಆ ಕಡಿಂದ ಹಣ್ಣು ಕೊಟ್ಟಾಳ. ಖಾಲಾ."

ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅದರಲ್ಲೂ ಆ ದಿನಗಳಲ್ಲಿ ಆ ಹೆಸರು ಸಿಕ್ಕರೆ ಕೇಳಬೇಕೇ? ಸಂಜೆಯೊಳಗೆ ಓಣಿಯ ಹಿರಿಯರು ನಮ್ಮ ಕಟ್ಟೆಯ ಮೇಲೆ ಕೂತರು. ಖಾಲಾನನ್ನು ಕರೆಸಿದರು. ಅವರು ಹೊಲಿಗೆಯಿಂದ ಎದ್ದು ಬಂದವರು, ಬೆರಳಿಗೆ ದಾರ ಸುತ್ತಿಕೊಂಡೇ ಇತ್ತು.

ಮಾವ ಗೋಡೆ ತೋರಿಸಿದ. "ಬಳ್ಳಿ ಆಕಿ ಗ್ವಾಡಿ ಮ್ಯಾಲ ಅದ. ಕಟ್ಟಿದ ಚಿಂದಿ ಆಕಿದು, ನೀವೇ ನೋಡ್ರಿ. ಆಕಿ ಬೆಳೆಸಿದ್ದು, ಆಕಿ ಹಣ್ಣು. ಇನ್ನೇನು ಸಾಕ್ಷಿ ಬೇಕ್ರಿ?"

ನಾವು ಊರು ಬಿಟ್ಟು ಓಡಿಹೋದಾಗ ನನ್ನ ಬಳ್ಳಿ ಬೀಳದಿರಲೆಂದು ಕಟ್ಟಿದ ಚಿಂದಿ ಅದು. ಅದನ್ನೇ ಸಾಕ್ಷಿ ಮಾಡಿದ. ಉಂಡ ಮನೆಗೆ ಎರಡು ಬಗೆಯುವುದು ಎಂದು ಕೇಳಿದ್ದೆ, ಅದರ ಮೋರೆಯನ್ನು ಅಂದು ನೋಡಿದೆ. ನನ್ನ ಗಂಡ ಅಲ್ಲೇ ಕಂಬಕ್ಕೆ ಒರಗಿ ಉಗುರು ಕಡಿಯುತ್ತಿದ್ದ. ಅಪ್ಪನೆದುರು ಅವನ ಬಾಯಿಗೆ ಅದೊಂದೇ ಕೆಲಸ.

ಹೆಂಗಸರು ಕಟ್ಟೆಗೆ ಬರುವ ಪದ್ಧತಿ ಇರಲಿಲ್ಲ. ನಾನು ಬಂದೆ. ತಲೆಯ ಮೇಲಿನ ಸೆರಗು ಜಾರಿತ್ತು, ಎಳೆದುಕೊಳ್ಳಲಿಲ್ಲ.

"ಬಳ್ಳಿ ಹಚ್ಚಿದಾಕಿ ನಾನ್ರಿ. ಬೇರು ನಮ್ಮ ಹಿತ್ತಲದಾಗ ಅದ, ಬಂದು ನೋಡ್ರಿ. ಹಣ್ಣು ಅರೆದು ಕೊಟ್ಟಾಕಿ ನಮ್ಮ ಅತ್ತಿ. ಖಾಲಾ ಏನೂ ಮಾಡಿಲ್ಲ. ಬೇರು ಯಾರದೋ ಕಾಯಿ ಅವರದು ಅಂತ ನೀವೇ ಹೇಳ್ತೀರಲ್ರಿ? ನುಗ್ಗಿಕಾಯಿಗಿ ಒಂದು ನ್ಯಾಯ, ಇದಕ್ಕೊಂದು ನ್ಯಾಯ ಏನ್ರಿ?"

ಈಗ ಕೋಲಾಹಲವಾಗುತ್ತದೆ, ಎಲ್ಲರೂ ಎದ್ದು ಗೋಡೆಯ ಬುಡ ನೋಡಲು ಹೋಗುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಅಲುಗಾಡಲಿಲ್ಲ. ಎಲ್ಲರಿಗಿಂತ ಹಿರಿಯನಾದವ ತಂಬಾಕು ಉಗುಳಿ ಬಂದು, ಬಹಳ ಸಮಾಧಾನದಿಂದ ಹೇಳಿದ.

"ಗೊತ್ತದವ್ವ. ಬೇರು ಎಲ್ಲಿ ಅದ ಅಂತ ಓಣಿಗೆಲ್ಲ ಗೊತ್ತದ. ಹಣ್ಣು ಕೊಟ್ಟವರು ಯಾರು ಅಂತನೂ ತಿಳೀತದ. ಬೀಗರು ಹೊಳ್ಳಿ ಹೋಗಬೇಕಲ್ಲ, ನಿಮ್ಮ ನಾದಿನಿ ಬಾಳೇವು ಉಳೀಬೇಕಲ್ಲ? ಮತ್ತ ಈಗಿನ ದಿನದಾಗ ಈಕಿ ಇಲ್ಲಿದ್ರ ಈಕಿಗೇ ತ್ರಾಸ. ಹೋಗೋದೇ ಚಲೋ. ನೀ ಒಳಗ ನಡಿ."

ಅವರಿಗೆ ಗೊತ್ತಿತ್ತು! ಸತ್ಯ ತಿಳಿಯದೆ ಅನ್ಯಾಯ ಮಾಡಿದ್ದರೆ ಕ್ಷಮಿಸಬಹುದಿತ್ತೇನೋ. ತಿಳಿದೂ, ಎಲೆ ಅಡಿಕೆ ಹಾಕಿಕೊಳ್ಳುತ್ತ, ಕರುಣೆಯ ಮಾತಿನಲ್ಲಿ ಒಬ್ಬ ಹೆಂಗಸಿನ ಮನೆ ಕಿತ್ತುಕೊಂಡರು. ನಾನು ಕೂಗಿದೆ, ಅವರಲ್ಲಿ ಒಬ್ಬೊಬ್ಬರನ್ನೂ ಬೈದೆ. ಗಂಡ ನನ್ನ ರಟ್ಟೆ ಹಿಡಿದು ಒಳಗೆ ಎಳೆದ. ಆ ಕೆಲಸಕ್ಕೆ ಮಾತ್ರ ಅವನ ಕೈಯಲ್ಲಿ ಬಲವಿತ್ತು.

ಮರುದಿನ ಖಾಲಾ ಹೊಲಿಗೆ ಮಷೀನನ್ನು ಗಾಡಿಗೆ ಹೇರಿಸಿ ಸ್ಟೇಷನ್ನಿಗೆ ಹೊರಟರು. ಬೀದರದಲ್ಲಿ ದೂರದ ಅಣ್ಣನೊಬ್ಬ ಇದ್ದನಂತೆ. ಮಾವ ಬಾಗಿಲಲ್ಲಿ ನಿಂತು ಕೈ ಚಾಚಿದ. "ಕೀಲಿ ಕೊಟ್ಟು ಹೋಗ್ರಿ, ಮನಿ ನಾವು ನೋಡ್ಕೋತೇವಿ." ಅವರು ಅವನ ಕಡೆ ನೋಡಲೂ ಇಲ್ಲ, ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಗಾಡಿಯ ಹಿಂದೆ ಅಳುತ್ತ ಹೋದೆ. ಖಾಲಾ ತಿರುಗಿ ನೋಡಿದರು. ಆ ಮುಖದಲ್ಲಿ ನನ್ನ ಮೇಲೂ ಸಿಟ್ಟಿತ್ತು.

"ನೀ ಯಾಕ ಅಳ್ತಿ? ಮನಿ ಹೋಗಿದ್ದು ನಂದು. ನನ್ನ ಗಂಡ ಸತ್ತ ಮನಿ. ಹೋಗು, ರೊಟ್ಟಿ ಬಡಿ, ಅವರಿಗಿ ಉಣ್ಲಿಕ್ಕಿ ಹಾಕು."

ಮಾವ ಬಳ್ಳಿಯನ್ನು ನಮ್ಮ ಹಿತ್ತಲಿನಲ್ಲೇ ಬುಡಕ್ಕೆ ಕಡಿಸಿದ. ಕೆಲವೇ ದಿನಗಳಲ್ಲಿ ಗೋಡೆಯ ಆಚೆಯ ಎಲೆ, ಹೂ, ಹಣ್ಣು ಎಲ್ಲ ಬಾಡಿ ಜೋತುಬಿತ್ತು. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ಬೇರು ಯಾರ ಹಿತ್ತಲಿನದೆಂದು ಅದೇ ಹೇಳುತ್ತಿತ್ತು, ಓಣಿಯವರು ನೋಡಿಕೊಂಡು ದಾಟಿಹೋಗುತ್ತಿದ್ದರು.

ಬೇಸಿಗೆ ಬರುವುದರೊಳಗೆ ಮಾವ ಖಾಲಾನ ಮನೆಯ ಬೀಗ ಒಡೆಸಿದ. ಖಾಲಾ ತಿರುಗಿ ಬರಲಿಲ್ಲ. ಬೀದರಕ್ಕೆ ಹೋದಾಗಲೆಲ್ಲ ಹುಡುಕಿದೆ, ಅಣ್ಣನ ಮನೆಯವರು ಹೈದರಾಬಾದಿನ ಕಡೆ ಹೋದರೆಂದಷ್ಟೇ ಗೊತ್ತಾಯಿತು. ನಡುವಿನ ಗೋಡೆ ಒಡೆದು ಎರಡೂ ಮನೆಗಳನ್ನು ಕೂಡಿಸಿದರು. ಖಾಲಾ ಹೊಲಿಗೆಗೆ ಕೂರುತ್ತಿದ್ದ ಕೋಣೆ, ಗಾಳಿ ಬೆಳಕು ಚೆನ್ನಾಗಿದೆ ಅಂತ, ಬಾಣಂತಿ ಕೋಣೆಯಾಯಿತು. ಬೇಡ ಎಂದು ಹಟ ಹಿಡಿದೆ. ನನ್ನ ಹಟ ಯಾರಿಗೆ ಬೇಕಿತ್ತು? ನನ್ನ ಮೊದಲ ಮಗ ಹುಟ್ಟಿದ್ದು ಅಲ್ಲಿಯೇ. ಓಣಿಗೆಲ್ಲ ಕೇಳುವ ಹಾಗೆ ಕಿರುಚಿದೆ. ಪಾಪ, ಚೊಚ್ಚಲ ಹೆರಿಗೆ, ನೋವು ಬಹಳ ಎಂದು ಸೂಲಗಿತ್ತಿ ಹೊರಗಿದ್ದವರಿಗೆ ಹೇಳಿದಳು. ನೋವಲ್ಲ ಅದು. ನಾನು ಅವರೆಲ್ಲರನ್ನೂ ಬೈಯುತ್ತಿದ್ದೆ.