ಮಂತ್ರಕ್ಕೂ ಪಾಳಿ ಹಚ್ಚಿದ ನಂದಿನಿ

ಬೆಳಗಿನ ಆರು ಗಂಟೆ. ಧುಪದಾಳದ ಕಾಲುವೆ ದಂಡೆಯ ಮೇಲೆ ನಂದಿನಿ ಮೊಣಕಾಲೂರಿ ಕುಳಿತಿದ್ದಾರೆ. ತೂಬಿನಿಂದ ನೀರು ಹೇಗೆ ಹೊರಬೀಳುತ್ತದೆ ಎಂದು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಿದ್ದಾರೆ. ಹಾಲಿನ ಕ್ಯಾನು ಹೇರಿಕೊಂಡು ಹೊರಟ ಒಬ್ಬರು ಸೈಕಲ್ ಮೋಟರ್ ನಿಲ್ಲಿಸಿ, "ನೀರಾವರಿ ಇಲಾಖೆಯವ್ರೇನ್ರಿ ಅಕ್ಕಾರ? ಕಾಲುವಿ ದುರಸ್ತಿ ಯಾವಾಗ?" ಎಂದು ದಬಾಯಿಸುತ್ತಾರೆ.

"ಅಲ್ರೀ ಕಾಕಾ, ನಾ ವಿಡಿಯೋ ಗೇಮ್ ಮಾಡಾಕಿ."

ಕಾಕಾ ನಂಬುವುದಿಲ್ಲ. ದುರಸ್ತಿ ಲಗೂನ ಆಗಲಿ ಎಂದು ತಾಕೀತು ಮಾಡಿಯೇ ಹೋಗುತ್ತಾರೆ.

ನಂಬುವುದಾದರೂ ಹೇಗೆ ಹೇಳಿ? ಮೂಡಲಗಿಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ, ಮಂತ್ರವಾದಿಗಳೂ ರೋಬೋಟ್‌ಗಳೂ ಒಟ್ಟಿಗೆ ಬಾಳುವ ರಾಜ್ಯವೊಂದು ಎದ್ದು ನಿಲ್ಲುತ್ತಿದೆ ಎಂದರೆ ಯಾರಿಗಾದರೂ ನಗು ಬಂದೀತು. ಆಟಗಾರ ತಾನೇ ಒಂದು ಪಾತ್ರವಾಗಿ ಒಳಹೊಕ್ಕು, ಅಲೆದು, ಕಾದಾಡಿ, ಊರು ಉಳಿಸಬೇಕಾದ ಆಟವದು. ಅದರ ಊರು, ಹೊಳೆ, ಅಣೆಕಟ್ಟುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕಟ್ಟುವವರು ಮೇಲವಂಕಿಯ ಕೂಲಿ ಮನೆತನದ, ಇಪ್ಪತ್ತೊಂಬತ್ತರ ನಂದಿನಿ. ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋಗಿ ಡಿಪ್ಲೊಮಾ ಓದಿದವರು. ದಿನಕ್ಕೆ ಹತ್ತು ತಾಸು ಕೆಲಸ. ತಪ್ಪು ಹುಡುಕಲಿಕ್ಕೆಂದು ತಾವೇ ಕಟ್ಟಿದ ಊರಿನಲ್ಲಿ ದಿನಾ ನಲವತ್ತು ಸಲ ಸಾಯುವುದೂ ಅದರಲ್ಲೇ ಸೇರಿದೆ.

ಹೋದ ವರ್ಷ ಆ ಊರಿಗೇ ಕುತ್ತು ಬಂದಿತ್ತು. ಆಡಿ ನೋಡಿದವರೆಲ್ಲ ಬೆಂಕಿಮಂತ್ರ ಒಂದನ್ನೇ ಎಸೆದು, ಎದುರಾದವರನ್ನು ಸುಟ್ಟು ಮುಂದೆ ಓಡುತ್ತಿದ್ದರು. ರೋಬೋಟ್‌ಗಳು ಕಾಲುವೆ ದಂಡೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದವು. ಕಂಪನಿ ನಡೆಸುವ ಶಿವಾನಂದ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ನಂದಿನಿಯವ್ರ, ಮಂತ್ರ ಇದ್ದಲ್ಲಿ ಯಂತ್ರ ಯಾರಿಗೆ ಬೇಕ್ರಿ? ಒಂದು ತಿಂಗಳದಾಗ ಎರಡೂ ಕೂಡಲಿಲ್ಲಂದ್ರ ನಿಮ್ಮ ಕಾಲುವಿ ಊರು ಪೂರಾ ತೆಗೀತೇವಿ." ಎರಡು ವರ್ಷದ ದುಡಿಮೆ!

ದಾರಿ ತೋರಿಸಿದ್ದು ಅವರ ತಾಯಿ ಉದ್ದವ್ವ. ಕಾಲುವೆ ನೀರಿನ ಪಾಳಿ, ಅಂದರೆ ಸರದಿ, ಕಾದು ಮೂವತ್ತು ವರ್ಷ ಮಂದಿಯ ಕಬ್ಬಿಗೆ ನೀರು ಹಾಯಿಸಿದ ಜೀವ. ಮಗಳ ಸಪ್ಪೆ ಮುಖ ನೋಡಲಾರದೆ, "ತಾ ಇಲ್ಲೆ, ಏನೈತಿ ನೋಡ್ತೇನಿ," ಎಂದು ತಾವೇ ಆಟಕ್ಕೆ ಕುಳಿತರು. ಮಂತ್ರದಂಡ ಸಿಕ್ಕರೂ ಮುಟ್ಟಲಿಲ್ಲ. ಪರದೆಯ ಮೇಲೆ ಕಾಲುವೆ ಕಂಡದ್ದೇ ತಡ, "ಸಲಿಕಿ ಎಲ್ಲೈತಿ?" ಎಂದರು.

"ಅವ್ವಾ, ಕೈಯಾಗ ಮಂತ್ರ ಐತಲ್ಲ, ಎಷ್ಟ ಬೇಕಾದ್ರೂ ಒಗೀಬಹುದು! ಅದರ ಮುಂದ ಈ ಯಂತ್ರಗಳು ಯಾರಿಗೂ ಬ್ಯಾಡಾಗ್ಯಾವು."

"ಕಾಲುವಿ ಮ್ಯಾಲಿನವ್ರು ಹಿಂಗ ಬೇಕಾದಷ್ಟು ಬಳಸಿದ್ರ ಕೆಳಗಿನವ್ರಿಗೆ ಏನ ಉಳೀತೈತಿ? ನಿನ್ನ ಮಂತ್ರಕ್ಕ ಪಾಳಿ ಇಲ್ಲೇನ?"

"ಮೈ ಜುಮ್ ಅಂತ್ರಿ," ಎಂದು ನಂದಿನಿ ಈಗಲೂ ತೋಳು ಸವರಿಕೊಳ್ಳುತ್ತಾರೆ. ಮೂರೇ ವಾರದಲ್ಲಿ ಆಟದ ಕಟ್ಟಳೆಯನ್ನೇ ತಿರುಗಿಸಿ ಹಾಕಿದರು. ಈಗ ಆ ರಾಜ್ಯದ ಮಂತ್ರಶಕ್ತಿ ಕಾಲುವೆಯಲ್ಲೇ ಹರಿಯುತ್ತದೆ. ರೋಬೋಟ್‌ಗಳು ನಡೆಯುವುದೂ ಅದೇ ಶಕ್ತಿಯಿಂದ. ಮೇಲೊಬ್ಬ ಮಿತಿಮೀರಿ ಮಂತ್ರ ಎಸೆದರೆ, ಕೆಳಗೆ ಅಣೆಕಟ್ಟಿನ ಬಾಗಿಲು ಒತ್ತಿ ಹಿಡಿದ ರೋಬೋಟ್ ಕುಸಿದು ಊರು ಮುಳುಗುತ್ತದೆ. ಕಾಲುವೆ ತಿರುಗಿಸಲು ಒಂದು ಸಲಿಕೆಯನ್ನೂ ಕೊಟ್ಟಿದ್ದಾರೆ, ಅವ್ವನ ಮರ್ಯಾದೆಗೆ.

ಪರೀಕ್ಷೆಯ ದಿನ ಮೂಡಲಗಿಯಲ್ಲಿ ಮದುವೆ ನಡೆಯುವ ಮಂಗಲ ಕಾರ್ಯಾಲಯದಲ್ಲಿ ಇಪ್ಪತ್ತು ಮಂದಿ ಆಟಗಾರರು ಕೂಡಿದ್ದರು. ಮೊದಲ ಅರ್ಧ ತಾಸಿನಲ್ಲೇ ಊರು ಮೂರು ಸಲ ಮುಳುಗಿತು. ನಾಲ್ಕನೆಯ ಸಲ, ಕಾಲುವೆಯ ಕೆಳಭಾಗದಲ್ಲಿ ಆಡುತ್ತಿದ್ದ ಒಬ್ಬ ಎದ್ದು ಕೂಗಿದ: "ಮ್ಯಾಲಿನವ್ರು ಮಂತ್ರ ನಿಲ್ಸರ್ಲೇ! ಈಗ ನಮ್ಮ ಪಾಳಿ!" ಹತ್ತು ನಿಮಿಷ ಖರೇನ ಜಗಳ, ಆಮೇಲೆ ಒಪ್ಪಂದ. ಕೆಳಗಿನ ರೋಬೋಟ್ ಕಣ್ಣು ತೆರೆದು ಬಾಗಿಲಿಗೆ ಭುಜ ಕೊಟ್ಟಿತು. ಊರು ಉಳಿಯಿತು! ಕಾರ್ಯಾಲಯದ ತಗಡು ಹಾರುವಂತೆ ಸಿಳ್ಳೆಗಳು ಬಿದ್ದವು. ಕುರ್ಚಿ ಹತ್ತಿ ಎಲ್ಲರಿಗಿಂತ ಜೋರಾಗಿ ಹೊಡೆದವರು ಶಿವಾನಂದ!

ಮುಂದಿನ ಆಸೆ ಏನೆಂದು ಕೇಳಿದರೆ ನಂದಿನಿ ನಾಚುತ್ತಾರೆ. "ದೊಡ್ಡದೇನಿಲ್ರಿ. ಆಟದಾಗಿನ ಮಂದಿ ಕನ್ನಡ ಮಾತಾಡ್ಲಿ, ಅಷ್ಟ."

ತೆಗೆದುಹಾಕುತ್ತೇವೆಂದಿದ್ದ ಆ ಊರು ಏನಾಯಿತು?

"ತೆಗೀಲಿಲ್ರಿ," ಎಂದು ನಂದಿನಿ ತಲೆ ಎತ್ತುತ್ತಾರೆ. "ಈಗ ಆಟ ಶುರು ಆಗೋದ ಅಲ್ಲಿಂದ."