ಮೀನು ಬಿತ್ತಿದ ಕಳಕಮ್ಮ

ಅಲ್ಲ, ಅದಕ್ಕೇ ನಾನು ಹೇಳಿದ್ದು, ಕಳಕಮ್ಮ ಮೊದಲು ಮೀನು ಹಿಡಿದವಳಲ್ಲ, ಬಿತ್ತಿದವಳು ಅಂತ. ಗಂಗಾವತಿ ಕಡೆಯ ಹೊಳೆದಂಡೆಯವರಿಗೆ ಬಲೆ ಅಂದರೆ ಮುತ್ತಜ್ಜನ ಕಾಲದ್ದು. ನಮ್ಮ ಯಲಬುರ್ಗಾ ಸೀಮೆಯ ಎರೆಹೊಲದವರು ಮೀನನ್ನು ಸಂತೆಯಲ್ಲಿ ಕಂಡರೆ ಕಂಡೆವು. ಕಳಕಮ್ಮನೂ ಐವತ್ತು ವರ್ಷ ಜೋಳ, ಕಡಲೆ ಬಿಟ್ಟು ಬೇರೇನೂ ಬೆಳೆದವಳಲ್ಲ.

ಹೋದ ಮಳೆಗಾಲದಲ್ಲಿ ನಮ್ಮೂರ ಕೆರೆ ತುಂಬಿತು. ಕಳಕಮ್ಮ ಹನ್ನೊಂದು ಹೆಂಗಸರ ಸಂಘ ಕಟ್ಟಿ, ಮೀನು ಸಾಕಲು ಕೆರೆ ನಮಗೆ ಕೊಡಿ ಅಂತ ಊರ ಹಿರಿಯರ ಮುಂದೆ ಕೂತಳು. ಹಿರಿಯ ವಿರುಪಣ್ಣ ಒಂದೇ ಮಾತು ಹೇಳಿದರು: "ಯುಗಾದಿ ತನಕ ನಿಮ್ದು. ಮೀನ ಬರಲಿಲ್ಲಂದ್ರ ಬ್ಯಾರೇದವ್ರಿಗೆ ಕೊಡೂದು, ಮತ್ತ ಅಳಬ್ಯಾಡ್ರಿ."

ಶ್ರಾವಣದ ಒಂದು ಮಧ್ಯಾಹ್ನ ಟೆಂಪೋದವನು ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಏರಿ ಮೇಲಿಟ್ಟು, "ಮೀನಿನ ಬೀಜ ಬಂದಾವ ನೋಡ್ರಿ" ಅಂದು ಹೋದ. ಬೀಜ ಅಂದಮೇಲೆ ಇವರಿಗೆ ಯಾರು ಹೇಳಿಕೊಡಬೇಕು? ಬಕೆಟ್ಟಿಗೆ ಸುರಿದುಕೊಂಡು, ಹೊಲದಲ್ಲಿ ಭೂಮ್ತಾಯಿಗೆ ಚರಗದ ಎಡೆ ಚೆಲ್ಲುವ ಹಾಗೆ, ಸುಡುಬಿಸಿಲಿನಲ್ಲಿ ಬೊಗಸೆ ಬೊಗಸೆ ಎರಚಿದರು! ಚೀಲವನ್ನು ಮೊದಲು ಕೆರೆಯಲ್ಲಿ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರಿಗೆ ಹೊಂದಿದ ಮೇಲೆ ಮರಿ ಬಿಡಬೇಕು ಅಂತ ಗೊತ್ತಾಗುವಷ್ಟರಲ್ಲಿ ಸಂಜೆಯಾಗಿತ್ತು. ದಂಡೆಯ ತುಂಬ ಸತ್ತ ಮರಿಗಳು ತೇಲುತ್ತಿದ್ದವು.

"ಕಳಕವ್ವಾ, ಮೀನಿನ ಹೊಲಕ್ಕ ಕುಂಟಿ ಯಾವಾಗ ಹೊಡಿತಿ ಬೇ?" ವಿರುಪಣ್ಣ ಊರಕಟ್ಟೆ ಮೇಲಿಂದ ಕೂಗಿದರು.

"ನಿಮ್ಮ ಎತ್ತಿಗೆ ಈಜ ಬರತೈತೇನು ಹೇಳ್ರಿ, ನಾಳೇನ ಹೊಡಿತೀನಿ!"

ಉಳಿದ ಮರಿಗಳಿಗಾಗಿ ಅವಳು ಗಂಗಾವತಿಯ ಅಕ್ಕಿ ಮಿಲ್ಲಿನಿಂದ ತೌಡು ತಂದಳು. ಬಸ್ಸಿನಲ್ಲಿ ಕಂಡಕ್ಟರ್, "ಯಜಮಾನತಿ, ಎಮ್ಮಿ ಎಷ್ಟು ಕಟ್ಟೀರಿ?" ಅಂದರೆ, "ಎಷ್ಟದಾವೋ ಯಾರಿಗ್ಗೊತ್ತು, ಎಲ್ಲಾ ನೀರಾಗ ಮುಳಗ್ಯಾವ" ಅಂದಳಂತೆ. ತೂತು ಮಾಡಿದ ಚೀಲದಲ್ಲಿ ತೌಡು, ಶೇಂಗಾ ಹಿಂಡಿ ತುಂಬಿ ಕೆರೆಯಲ್ಲಿ ನೆಟ್ಟ ಗಳಕ್ಕೆ ತೂಗುಬಿಡುತ್ತಿದ್ದಳು. ಬೆಳಗಾದರೆ ಚೀಲ ಖಾಲಿ.

"ನೀರಾಗ ಕರಗತೈತಿ, ಹುಚ್ಚಿ" ಅಂದರು ವಿರುಪಣ್ಣ.

ಅವಳು ಜಗಳಕ್ಕೆ ಹೋಗಲಿಲ್ಲ. ಅಂಥದೇ ಚೀಲವೊಂದನ್ನು ಮನೆಮುಂದೆ ದನ ನೀರು ಕುಡಿಯುವ ಬಾನಿಯಲ್ಲಿ ಇಳಿಬಿಟ್ಟಳು. ಮರುದಿನ ಎರಡನ್ನೂ ತಂದು ಕಟ್ಟೆ ಮೇಲಿಟ್ಟಳು. ಬಾನಿಯದು ಭಾರ, ಕೆರೆಯದು ಬರಿದು.

"ಕೆರ್ಯಾಗಿನ ಆಮಿ ತಿಂದಿರಬೇಕು." ವಿರುಪಣ್ಣ ಸೋಲಲಿಲ್ಲ.

"ಹಂಗಾರ ಯುಗಾದಿಗೆ ಆಮಿನ ಹಿಡದು ತೋರಸ್ತೀನಿ ಬಿಡಣ್ಣ!"

ಇಷ್ಟು ಒದ್ದಾಟ ಯಾಕಬೇ ಅಂತ ನಾನೇ ಒಮ್ಮೆ ಕೇಳಿದ್ದೆ. "ಹೊಲದಾಗಿನ ಬೆಳಿ ದಿನಾ ಕಣ್ಣಿಗೆ ಕಾಣತೈತಿ, ತಂಗಿ. ಇದು ಕಾಣಂಗಿಲ್ಲ. ಕಾಣೂ ಮಟ ನಿದ್ದಿ ಬರಂಗಿಲ್ಲ, ಅದಕ್ಕ" ಅಂದಳು.

ಯುಗಾದಿಯ ಹಿಂದಿನ ದಿನ ಗಂಗಾವತಿ ಕಡೆಯಿಂದ ಬಲೆಗಾರ ಮೆಹರಾಜ ಬಂದ. ಊರಿಗೆ ಊರೇ ಏರಿ ಮೇಲೆ. ಬಲೆಯ ಎರಡೂ ತುದಿಗೆ ಹೆಂಗಸರು ನಿಂತು ಎಳೆದರು. ಮೊದಲ ಎಳೆತಕ್ಕೆ ಬಂದದ್ದು ಬರೀ ಪಾಚಿ. ಯಾರೋ ಸಿಳ್ಳೆ ಹಾಕಿದರು. ಕಳಕಮ್ಮನ ಮುಖ ನೋಡಲಾಗಲಿಲ್ಲ ನನಗೆ.

"ಅವ್ವಾ, ಮೀನ ಉಣ್ಣೂ ಜಾಗಾ ಯಾವುದು?" ಮೆಹರಾಜ ಮೆಲ್ಲಗೆ ಕೇಳಿದ. ಅವಳು ಗಳ ತೋರಿಸಿದಳು. ಬಲೆ ಅದನ್ನು ಸುತ್ತುವರಿಯಿತು. ಅರ್ಧ ಎಳೆಯುವಷ್ಟರಲ್ಲಿ ನೀರು ಕುದಿಯತೊಡಗಿತು! ಒಂದು ಕಾಟ್ಲಾ ಮೀನು ಬಲೆ ಹಾರಿ, ನೋಡಲೆಂದು ಮೊಣಕಾಲುದ್ದ ನೀರಿಗಿಳಿದಿದ್ದ ವಿರುಪಣ್ಣನ ಎದೆಗೇ ಬಡಿಯಿತು. ತಲೆಗೆ ಸುತ್ತಿದ್ದ ಪಟಕಾ ಕೆರೆಪಾಲು.

"ಆಮಿ ಹೆಂಗೈತ್ರಿ ಅಣ್ಣಾ?" ಕಳಕಮ್ಮ ಕೂಗಿದಳು. ಏರಿಯೆಲ್ಲ ನಗು.

ಮೆಹರಾಜ ಒಂದನ್ನು ಎರಡೂ ಕೈಯಲ್ಲಿ ಎತ್ತಿ, "ಎಂಟು ತಿಂಗಳಿಗೆ ಇಷ್ಟು ದೊಡ್ಡದು ನಮ್ಮ ಕಡೀನೂ ಆಗಂಗಿಲ್ಲ. ಏನ ಮಾಡಿದಿ?" ಅಂದ.

"ದಟ್ಟ ಬಿತ್ತಿದ್ರ ತೆನಿ ಸಣ್ಣ, ತೆಳವಾದ್ರ ತೆನಿ ದೊಡ್ಡದು. ಮೊದಲಿಗೆ ಮರಿ ಸತ್ತು ತೆಳವಾತು, ನಮ್ಮ ತಪ್ಪ ನಮಗ ಕಳಿ ಕಿತ್ತು ಕೊಡ್ತಪ್ಪಾ" ಅಂದಳು.

ಒದ್ದೆ ಅಂಗಿಯಲ್ಲೇ ವಿರುಪಣ್ಣ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಕೆರಿ ಇವರದ. ಇನ್ನ ಯಾರೂ ಕೇಳಾಕ ಬರಬ್ಯಾಡ್ರಿ."

ಈಗ ಅಕ್ಕಪಕ್ಕದ ಊರಿನ ಹೆಂಗಸರೂ ಕಲಿಯಲು ಬರುತ್ತಾರೆ. ನೀವೂ ಯಲಬುರ್ಗಾ ತನಕ ಬಸ್ಸಿಗೆ ಬನ್ನಿ, ಕಳಕಮ್ಮನ ಕೆರೆ ಅಂದರೆ ಯಾರಾದರೂ ದಾರಿ ತೋರಿಸುತ್ತಾರೆ. ಹೋಗಿ ಭೇಟಿಯಾಗಿ. ಸುಮ್ಮನೆ ನಿಂತು ನೋಡಲು ಮಾತ್ರ ಬಿಡುವುದಿಲ್ಲ, ಬಲೆಯ ಹಗ್ಗದ ಒಂದು ತುದಿ ಕೈಗೆ ಕೊಟ್ಟೇ ಮಾತಾಡಿಸುತ್ತಾಳೆ.