ಮೀನಿನ ತೊಟ್ಟಿಗೆ ಜಾಲಿಮುಳ್ಳು

ಬೆಳಗಿನ ಜಾವ ನಾಲ್ಕು ಗಂಟೆ. ಹಿತ್ತಲಿನ ಮೀನಿನ ತೊಟ್ಟಿಯ ಕಡೆಯಿಂದ ಬಂದ ಕೊಕ್ಕರೆಯ ಒರಟು ಕೂಗಿಗೆ ಎಚ್ಚರವಾಯಿತು. ಟಾರ್ಚ್ ಹಿಡಿದು ನೋಡಿದರೆ ಐದು ಮೀನುಗಳಲ್ಲಿ ಎರಡೇ ಉಳಿದಿವೆ.

ಅಜ್ಜಿ ನೆನಪಾದಳು. ನಿಜಾಮರ ಕಾಲದ ಮಾನ್ವಿಯಲ್ಲಿ ಅವಳ ಅವ್ವ ಬಾವಿ ಪಕ್ಕದ ಹೊಂಡದಲ್ಲಿ ಮೀನು ಸಾಕಿ, ದಂಡೆಯ ಸುತ್ತ ಜಾಲಿಮುಳ್ಳು ಹರವುತ್ತಿದ್ದಳಂತೆ. ದೇವದುರ್ಗದ ಮನೆಯಲ್ಲಿ ನನ್ನ ತಲೆ ಬಾಚುತ್ತಾ ಅಜ್ಜಿ ಹೇಳಿದ್ದಳು:

"ಕೊಕ್ಕರಿ ದಂಡಿ ಮ್ಯಾಲ ಕಾಲೂರಿ ನಿಂತು ಮೀನು ಹಿಡಿತದ ಬೇ. ಕಳ್ಳಗ ನಿಲ್ಲಾಕ ಜಾಗಾನ ಕೊಡಬಾರದು."

"ನಿನಗ ಮುಳ್ಳು ಚುಚ್ಚಲಿಲ್ಲೇನು, ಅಜ್ಜಿ?"

ಅವಳು ನಕ್ಕು ಅಂಗೈ ತೋರಿಸಿದಳು. ನಡುವೆ ಕಪ್ಪು ಕಲೆ.

"ಸಣ್ಣಾಕಿ ಇದ್ದೆ. ಅವ್ವ ಕೂಲಿಗೆ ಹೋಗಿದ್ಳು. ಸಂಜಿತನಕ ಮುಳ್ಳು ತೆಗಿಯಾಕ ಯಾರೂ ಇದ್ದಿಲ್ಲ."

ಈಗ ರಾಯಚೂರಿನ ಈ ಬಾಡಿಗೆ ಮನೆಯಲ್ಲಿ ನಾನು ಮತ್ತು ಮಗಳು ಇಬ್ಬರೇ. ಗಂಡ ಸಿರವಾರದ ಅಕ್ಕಿ ಗಿರಣಿಯಲ್ಲಿದ್ದಾರೆ. ಮಗಳು ಎದ್ದ ಕೂಡಲೇ ತೊಟ್ಟಿಯ ಕಟ್ಟೆ ಹಿಡಿದು ನಿಂತು ಮೀನುಗಳನ್ನು ಕರೆಯುತ್ತಾಳೆ. ನಿನ್ನೆಯೂ ಕೊಕ್ಕರೆ ಸುಳಿದದ್ದು ಕಂಡು ಕಡಿದು ತಂದ ಜಾಲಿಯನ್ನು ಆ ಕಟ್ಟೆಯ ಮೇಲೆ ಹರವಲು ನನಗೆ ಕೈ ಬರುತ್ತಿಲ್ಲ. ಬೆಳಕು ಹರಿಯುತ್ತಲೇ ಕೊಕ್ಕರೆ ಮತ್ತೆ ಬರುತ್ತದೆ. ಇದನ್ನು ಓದುವ ಪರಿಚಯದವರಲ್ಲಿ ಯಾರಿಗಾದರೂ ಮುಳ್ಳಿಲ್ಲದೆ ಅದನ್ನು ತಡೆಯುವ ಉಪಾಯ ಗೊತ್ತಿದ್ದರೆ ಅದಕ್ಕೂ ಮೊದಲೇ ದಯವಿಟ್ಟು ಫೋನ್ ಮಾಡಿ. ಗೊತ್ತಿಲ್ಲದಿದ್ದರೂ ಮಾಡಿ.